ನೀರಿಗೆ ಭೇದವಿಲ್ಲ ಅನ್ನುವವರಿಗೆ

2022ರ ಸೆಪ್ಟೆಂಬರಿನಲ್ಲಿ ಒಂದೇ ರಾತ್ರಿ ಬೆಂಗಳೂರಿನಲ್ಲಿ 130 ಮಿಲಿಮೀಟರ್ ದಾಟಿ ಮಳೆ ಸುರಿಯಿತು. ಬೆಳ್ಳಂದೂರು ಕಡೆಯ ಕೋಟಿಗಟ್ಟಲೆ ಬೆಲೆಯ ಬಂಗಲೆಗಳಿಗೂ ನೀರು ನುಗ್ಗಿತು. ಸಾಹೇಬರು ಟ್ರ್ಯಾಕ್ಟರ್ ಏರಿ ಹೊರಗೆ ಬಂದರು. ನೋಡಿ, ನೀರಿಗೆ ಬಡವ ಬಲ್ಲಿದ ಅನ್ನೋ ಭೇದ ಇಲ್ಲ ಅಂದರು ಹಲವರು. ಈ ಮಾತು ನಿಜವೇ?

ನೀರಿಗೆ ಗೊತ್ತಿರೋದು ಇಳಿಜಾರು ಮಾತ್ರ, ಅಷ್ಟು ನಿಜ. ಬೆಂಗಳೂರು ಸಮುದ್ರಮಟ್ಟದಿಂದ ಮೂರು ಸಾವಿರ ಅಡಿ ಮೇಲಿನ ದಿಬ್ಬ. ಅಲ್ಲಿ ಬಿದ್ದ ಮಳೆ ಪಡುವಣಕ್ಕೆ ವೃಷಭಾವತಿ ಹಿಡಿದು ಅರ್ಕಾವತಿಗೆ, ಮೂಡಣಕ್ಕೆ ಕೋರಮಂಗಲ, ಹೆಬ್ಬಾಳದ ಕಣಿವೆ ಹಿಡಿದು ದಕ್ಷಿಣ ಪಿನಾಕಿನಿಗೆ ಇಳಿಯುತ್ತದೆ. ಈ ದಾರಿಯುದ್ದಕ್ಕೂ ಹಿಂದಿನವರು ಕೆರೆ ಕಟ್ಟಿದರು. ಒಂದು ಕೋಡಿ ಬಿದ್ದರೆ ಕೆಳಗಿನದಕ್ಕೆ ನೀರು. ತೂಬು ಎತ್ತುತ್ತಿದ್ದ ನೀರುಗಂಟಿ ಬಹಳ ಊರುಗಳಲ್ಲಿ ನಮ್ಮವನೇ. ನೀರಿನ ಲೆಕ್ಕ ಅವನದು, ಗದ್ದೆಯ ಬಹುಪಾಲು ಬೇರೆಯವರದು.

ಊರು ಪಟ್ಟಣವಾಯಿತು. ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆ ಕ್ರೀಡಾಂಗಣವಾಯಿತು. ರಾಜಕಾಲುವೆ ಚರಂಡಿಯಾಯಿತು. ಕೂಲಿಗೆ ಬಂದವನಿಗೆ ಉಳಿದದ್ದು ಆ ಚರಂಡಿಯ ದಂಡೆ. ತಗ್ಗು ಅವನ ಕಣ್ಣಿಗೆ ಕಾಣಲಿಲ್ಲವಾ? ಕಂಡಿತ್ತು. ಎತ್ತರದ ನೆಲ ಕೊಳ್ಳೋಕೆ ಅವನ ಹತ್ರ ದುಡ್ಡಿರಲಿಲ್ಲ. ಹಳ್ಳಿಯಲ್ಲಿ ಊರಾಚೆ ಕೂರಿಸಿದ್ದು ಜಾತಿ. ಪಟ್ಟಣದಲ್ಲಿ ಅದೇ ಕೆಲಸವನ್ನು ನೆಲದ ಬೆಲೆ ಮಾಡಿತು. ಇಳಿಜಾರು ಪ್ರಕೃತಿಯದು. ಅದರ ಕೊನೆಯಲ್ಲಿ ಯಾರಿರಬೇಕು ಅನ್ನೋದು ಮನುಷ್ಯರ ತೀರ್ಮಾನ. ಅದರ ಹೊಣೆಯನ್ನು ಮಳೆಯ ತಲೆಗೆ ಕಟ್ಟಿ ಕೈ ತೊಳೆಯೋಕೆ ಆಗಲ್ಲ.

ಬಂಗಲೆಯವರೂ ತಗ್ಗಿನಲ್ಲೇ ಇದ್ದರಲ್ಲ ಅಂತ ನೀವು ಕೇಳಬಹುದು. ಇದ್ದರು. ಆದರೆ ಅವರು ಆರಿಸಿಕೊಂಡು ಬಂದವರು, ಬೇಡವಾದರೆ ಬಿಟ್ಟು ಹೋಗಬಲ್ಲವರು. ಕಾರಿಗೆ ವಿಮೆ ಉಂಟು. ಗುಡಿಸಲಿನ ತಾಯಿಯ ನೆನೆದ ಅಕ್ಕಿಗೆ, ಕರಗಿದ ರೇಷನ್ ಕಾರ್ಡಿಗೆ, ಮಗನ ಪುಸ್ತಕಕ್ಕೆ, ತಪ್ಪಿದ ಕೂಲಿಗೆ ಯಾವ ವಿಮೆ? ನೀರು ಇಳಿದ ಮೇಲೆ ಆ ಕೊಳಕು ಬಾಚುವವರು ಪೌರಕಾರ್ಮಿಕರು. ಅವರಲ್ಲಿ ಹೆಚ್ಚಿನವರು ದಲಿತರು.

ಕಾಲುವೆ ತೆರವಾಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಜೆಸಿಬಿ ಮೊದಲು ಯಾರ ಗೋಡೆ ಮುಟ್ಟುತ್ತೆ, ಕೋರ್ಟಿನಿಂದ ತಡೆ ತರುವ ಶಕ್ತಿ ಯಾರಿಗಿದೆ, ನೋಡಿ. ಗುಡಿಸಲು ಕೀಳೋ ಮೊದಲು ಎತ್ತರದ ನೆಲದಲ್ಲಿ ಜಾಗ ಕೊಡದಿದ್ದರೆ ಅವರು ಇನ್ನೊಂದು ತಗ್ಗಿಗೇ ಹೋಗ್ತಾರೆ.

ಮೇಷ್ಟ್ರೆ, ಮಕ್ಕಳ ಕೈಲಿ ಊರಿನ ನಕ್ಷೆ ಬರೆಸುವಾಗ ಕೆರೆ, ಕೋಡಿ, ಕಾಲುವೆ ಗುರುತು ಮಾಡಿಸಿ. ಹಾಗೇ ಯಾರ ಮನೆ ಎಲ್ಲಿದೆ ಅನ್ನೋದನ್ನೂ ಗುರುತು ಮಾಡಿಸಿ.