ನುಂಗಿದ ಅಕ್ಷರಗಳು

ಬಳ್ಳಾರಿ ಬಸ್ ನಿಲ್ದಾಣದಲ್ಲಿ ನಿಂತು ಕೇಳಿ. ಯಾರೂ ‘ಸಿರುಗುಪ್ಪ’ ಎಂದು ನಾಲ್ಕೂ ಅಕ್ಷರ ಬಿಡಿಸಿ ಕೂಗುವುದಿಲ್ಲ. ‘ಸಿರ್ಗುಪ್ಪ, ಸಿರ್ಗುಪ್ಪ’ ಅಷ್ಟೇ. ಕುರುಗೋಡು ‘ಕುರ್ಗೋಡು’ ಆಗುತ್ತದೆ. ನಡುವಿನ ಉಕಾರ ಎಲ್ಲಿ ಹೋಯಿತೆಂದು ಕೇಳಿದ ಪ್ರಯಾಣಿಕನನ್ನು ನಾನು ಕಂಡಿಲ್ಲ. ಅದೇ ಊರಿನ ಹುಡುಗ ಇಂಗ್ಲಿಷಿನಲ್ಲಿ ಒಂದು ಸ್ವರ ನುಂಗಿದರೆ ಮಾತ್ರ ನಮ್ಮ ಕಿವಿ ನೆಟ್ಟಗಾಗುತ್ತದೆ.

ನನ್ನ ಕಿವಿಯೂ ಆಗಿತ್ತು. ಸಿರುಗುಪ್ಪದ ಅಕ್ಕನ ಮಗ ಪದವಿ ಮುಗಿಸಿ, ಬಳ್ಳಾರಿಯ ನಮ್ಮ ಮನೆಯಲ್ಲಿದ್ದುಕೊಂಡು ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಹೋಗುತ್ತಿದ್ದಾನೆ. ಒಂದು ಸಂಜೆ ಕನ್ನಡಿಯ ಮುಂದೆ ‘ಐಮ್ ಗೊನ್ನ ಟ್ರೈ’ ಎಂದು ಅಭ್ಯಾಸ ಮಾಡುತ್ತಿದ್ದ. ನಾನು ನಕ್ಕುಬಿಟ್ಟೆ. ‘ಗೋಯಿಂಗ್ ಟು ಅಂತ ಸರಿಯಾಗಿ ಅನ್ನಾಕ ಏನಾಗೇತಿ? ಇಲ್ಲದ ಸೋಗು ಯಾಕ?’

ಅವನು ಕನ್ನಡಿಯಿಂದ ತಿರುಗಿದ. ‘ಮಾವಾ, ಅವ್ವನ ಜೊತಿ ಫೋನಿನ್ಯಾಗ ನೀವು ಊಟ ಮಾಡಾಕತ್ತೀನಿ ಅಂತೀರಿ. ಬೆಂಗಳೂರಿನ ಫೋನ್ ಬಂದ್ರ ಊಟ ಮಾಡ್ತಾ ಇದೀನಿ ಅಂತೀರಿ. ಇದ್ರಾಗ ಸೋಗು ಯಾವುದು?’

ನನ್ನ ಬಳಿ ಉತ್ತರವಿರಲಿಲ್ಲ. ‘ಮಾಡಲಿಕ್ಕೆ ಹತ್ತಿದ್ದೇನೆ’ ಎಂಬುದೇ ಮುದುಡಿ ‘ಮಾಡಾಕತ್ತೀನಿ’ ಆದದ್ದು. ಅಲ್ಲಿ ಯಾರೂ ಏನನ್ನೂ ಹತ್ತುತ್ತಿಲ್ಲ, ‘ಗೊನ್ನ’ದಲ್ಲಿ ಯಾರೂ ಎಲ್ಲಿಗೂ ಹೋಗುತ್ತಿಲ್ಲದ ಹಾಗೆ. ಎರಡೂ ಭಾಷೆ ಒಂದೇ ಕೆಲಸ ಮಾಡಿವೆ. ಶಾಲೆಯಲ್ಲಿ ಈ ಪದಕ್ಕೆ ನಾನು ಏಟು ತಿಂದಿದ್ದೇನೆ, ‘ಮಾಡುತ್ತಿದ್ದೇನೆ’ ಎನ್ನಬೇಕಿತ್ತು. ಆ ಶುದ್ಧ ರೂಪವೂ ‘ಮಾಡುತ್ತ ಇದ್ದೇನೆ’ಯಲ್ಲಿ ಒಂದು ಸ್ವರ ನುಂಗಿಕೊಂಡೇ ಹುಟ್ಟಿದ್ದೆಂದು ಆಗ ತಿಳಿದಿದ್ದರೆ! ಊರು, ಅಲ್ಲಿ ಎರಡೂ ಸೇರಿ ‘ಊರಲ್ಲಿ’ ಆದಾಗ ಲೋಪಸಂಧಿ ಎಂದು ಬಾಯಿಪಾಠ ಮಾಡಿದ್ದೆವು. ಹದಿಮೂರನೆಯ ಶತಮಾನದ ಕೇಶಿರಾಜನೂ ಸಂಧಿಗೆಂದೇ ‘ಶಬ್ದಮಣಿದರ್ಪಣ’ದಲ್ಲಿ ಒಂದು ಪ್ರಕರಣ ಇಟ್ಟಿದ್ದಾನೆ. ಪುಸ್ತಕ ನುಂಗಿದರೆ ಸಂಧಿ, ನಾವು ನುಂಗಿದರೆ ಅಶುದ್ಧ.

ಇಂಗ್ಲಿಷರಲ್ಲೂ ಈ ಜಗಳ ನಡೆದಿದೆ. ಮಾತನ್ನು ಕತ್ತರಿಸಿ ಕುಗ್ಗಿಸುವವರನ್ನು ಜೊನಾಥನ್ ಸ್ವಿಫ್ಟ್ 1710ರಲ್ಲಿ ‘ಟ್ಯಾಟ್ಲರ್’ ಪತ್ರಿಕೆಯಲ್ಲಿ ಚೆನ್ನಾಗಿ ಝಾಡಿಸಿದ್ದ. ಯಾರೂ ಕೇಳಲಿಲ್ಲ.

ಆದರೂ ನನಗೊಂದು ಅನುಮಾನ ಉಳಿದಿತ್ತು: ಪೂರ್ತಿ ಉಚ್ಚರಿಸುವುದೇ ಹೆಚ್ಚು ಪ್ರಾಮಾಣಿಕವಲ್ಲವೇ? ಅದನ್ನು ಕೆಡಿಸಿದ್ದು ‘ಕ್ಯಾನ್’ ಎಂಬ ಪುಟ್ಟ ಪದ. ಅಮೆರಿಕನ್ನರ ಮಾತಿನಲ್ಲಿ ‘ಐ ಕ್ಯಾನ್ ಡೂ ಇಟ್’ ಎನ್ನುವಾಗ ಕ್ಯಾನ್ ಬಹುತೇಕ ‘ಕ್ನ್’ ಆಗಿ ಕುಗ್ಗುತ್ತದೆ, ಒತ್ತು ‘ಡೂ’ ಮೇಲೆ. ‘ಕ್ಯಾಂಟ್’ ಮಾತ್ರ ಕುಗ್ಗುವುದಿಲ್ಲ. ಅದರ ಕೊನೆಯ ಟಕಾರ ಎಷ್ಟೋ ಸಲ ಕೇಳಿಸುವುದೂ ಇಲ್ಲ. ಹೀಗಾಗಿ ನಮ್ಮ ಹುಡುಗ ಎಚ್ಚರದಿಂದ, ಗಟ್ಟಿಯಾಗಿ ‘ಕ್ಯಾನ್’ ಎಂದರೆ ಆಚೆಯವರಿಗೆ ‘ಆಗುವುದಿಲ್ಲ’ ಎಂದು ಕೇಳಿಸಬಹುದು. ‘ಡೋಂಟ್’ ಬಿಟ್ಟು ‘ಡು ನಾಟ್’ ಎಂದರಂತೂ ಸಿಟ್ಟು ಬಂದಂತೆ. ಪ್ರತಿ ಅಕ್ಷರಕ್ಕೂ ನ್ಯಾಯ ಒದಗಿಸಿ ಅರ್ಥಕ್ಕೆ ಅನ್ಯಾಯ ಮಾಡುವುದು ಯಾವ ಪ್ರಾಮಾಣಿಕತೆ?

ಹಾಗೆಂದು ಎಲ್ಲ ನುಂಗುವಿಕೆಯೂ ಸರಿಯೆಂದು ಒಪ್ಪಲಾರೆ. ನುಂಗುವವನು ಅರ್ಧ ಕೆಲಸವನ್ನು ಕೇಳುವವನಿಗೆ ಬಿಡುತ್ತಾನೆ. ಅವ್ವನಿಗೆ ಬಿಡಬಹುದು, ಗೆಳೆಯನಿಗೆ ಬಿಡಬಹುದು. ಸಾಲದ ಕಾಗದ ಹಿಡಿದು ಬ್ಯಾಂಕಿನ ಕೌಂಟರಿನ ಮುಂದೆ ನಿಂತ ಭತ್ತದ ರೈತನಿಗೆ ಷರತ್ತುಗಳನ್ನು ಗಡಗಡ ನುಂಗಿ ಓದಿದರೆ, ಅದು ಕನ್ನಡದಲ್ಲೇ ಇದ್ದರೂ ಮೋಸ. ಅಲ್ಲಿ ಪ್ರತಿ ಅಕ್ಷರವೂ ಅವನಿಗೆ ಸಲ್ಲಬೇಕಾದ ಬಾಕಿ. ಅವತ್ತು ನಾನು ನಕ್ಕದ್ದು ಇಂಥ ಯಾವ ಕಾಳಜಿಯಿಂದಲೂ ಅಲ್ಲ. ಸಿರುಗುಪ್ಪದ ಹುಡುಗನಿಗೆ ತಪ್ಪಿಲ್ಲದ ಇಂಗ್ಲಿಷ್ ಸಾಕು, ಸಲೀಸಾದ ಇಂಗ್ಲಿಷ್ ಬೇರೆ ಯಾರದೋ ಸೊತ್ತು ಎಂದು ನನ್ನೊಳಗೆ ಯಾರೋ ಬೇಲಿ ಹಾಕಿಟ್ಟಿದ್ದರು. ನನ್ನ ಬೆನ್ನಿನ ಏಟು ಅವನ ಬೆನ್ನಿಗೂ ಬೀಳಲಿ ಎಂಬ ಆಸೆಯೂ ಸ್ವಲ್ಪ ಇತ್ತೇನೋ.

ಸೋಮವಾರ ಅವನ ಸಂದರ್ಶನ. ನಿನ್ನೆ ರಾತ್ರಿ ಅಕ್ಕ ಫೋನ್ ಮಾಡಿದ್ದಳು. ‘ಓದಾಕತ್ತೀಯೇನೋ?’ ಎಂದಳು. ‘ಓದಾಕತ್ತೀನವ್ವ’ ಎಂದು ಫೋನಿಟ್ಟು, ನನ್ನನ್ನು ಎದುರು ಕುರ್ಚಿಯಲ್ಲಿ ಕೂರಿಸಿದ. ಅವನು ‘ಐ ಕ್ನ್ ಡೂ ಇಟ್’ ಎಂದ. ನಾನೂ ಅಂದು ನೋಡಿದೆ. ‘ಕ್ಯಾನ್ ಇನ್ನಾ ದೊಡ್ಡದಾತು ಮಾವಾ, ಮತ್ತೊಮ್ಮೆ’ ಎಂದ.