ಅಭಯದಾನದ ಪೂರ್ಣತೆ

ಆಹಾರ, ಔಷಧ, ಶಾಸ್ತ್ರ, ಅಭಯ ಎಂದು ಶ್ರಾವಕನು ಆಚರಿಸಬೇಕಾದ ದಾನಗಳು ನಾಲ್ಕು. ಮೊದಲ ಮೂರಕ್ಕೆ ಅಳತೆಯುಂಟು. ಇಷ್ಟು ಜನಕ್ಕೆ ಊಟ, ಇಷ್ಟು ರೋಗಿಗಳಿಗೆ ಮದ್ದು, ಇಷ್ಟು ಗ್ರಂಥಗಳ ಪ್ರತಿಗಳು ಎಂದು ಲೆಕ್ಕ ಹೇಳಬಹುದು. ನಾಲ್ಕನೆಯದಕ್ಕೆ ಅಂಥ ಅಳತೆಯಿಲ್ಲ. ಪಡೆಯುವ ಜೀವಿಯ ಒಳಗೆ ಭಯವು ಇಲ್ಲವಾದಾಗ ಮಾತ್ರ ಅಭಯವನ್ನು ಕೊಟ್ಟಂತಾಗುತ್ತದೆ. ಆದರೂ ಲೋಕರೂಢಿಯಲ್ಲಿ ಅಭಯದಾನವೆಂದರೆ ಪ್ರಾಣಿಯನ್ನು ಸಾವಿನಿಂದ ಬಿಡಿಸುವುದು ಎಂದಷ್ಟೇ ಅರ್ಥವಾಗಿದೆ. ದಶಲಕ್ಷಣ ಪರ್ವದಲ್ಲಿ ಹಣ ತೆತ್ತು ಪ್ರಾಣಿಯನ್ನು ಬಿಡಿಸಿದವನೂ, ಪ್ರಾಣಿಗಳ ಆಶ್ರಯಧಾಮಕ್ಕೆ ಕಾಣಿಕೆ ಕಳುಹಿಸಿದವನೂ ತನ್ನ ದಾನವು ಅಲ್ಲಿಗೆ ಪೂರ್ಣವಾಯಿತೆಂದು ತಿಳಿಯುವುದು ಸಹಜ. ಸಾವು ತಪ್ಪಿದರೂ ಭಯ ತಪ್ಪದ ಜೀವಿಗೆ ಅಭಯವು ದೊರೆಯಿತೆನ್ನಬಹುದೇ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಈ ಪ್ರಶ್ನೆಗೆ ಉತ್ತರವನ್ನು ಕಾಣಲು ದೊಡ್ಡ ನಗರದ ಯಾವ ಆಶ್ರಯಧಾಮದಲ್ಲಾದರೂ ಕಾಣಸಿಗುವಂಥ ಒಂದು ನಾಯಿಯನ್ನು ನೋಡಿದರೆ ಸಾಕು. ಆರು ವರ್ಷ ಒಂದು ಮನೆಯ ಜಗಲಿಯಲ್ಲಿ ಮಲಗಿ ಬೆಳೆದ ನಾಯಿ ಅದು. ಮನೆಯವರು ಬಾಡಿಗೆಯ ಮಹಡಿಮನೆಗೆ ಹೊರಟಾಗ ಅದನ್ನು ಆಶ್ರಯಧಾಮದ ಬಾಗಿಲಿಗೆ ತಂದು ಬಿಟ್ಟರು. ಅಲ್ಲಿ ಅದಕ್ಕೆ ಅನ್ನವಿದೆ, ನೀರಿದೆ, ವೈದ್ಯರಿದ್ದಾರೆ, ತಲೆಯ ಮೇಲೆ ಸೂರಿದೆ. ಆದರೂ ಅದು ಗೂಡಿನ ಹಿಂಬದಿಯ ಗೋಡೆಗೆ ಒತ್ತಿಕೊಂಡು ಕುಳಿತಿರುತ್ತದೆ. ಬಾಲವು ಕಾಲುಗಳ ನಡುವೆ ಮಡಚಿರುತ್ತದೆ. ಸೆಕೆಯಿಲ್ಲದಿದ್ದರೂ ಏದುಸಿರು ಬಿಡುತ್ತದೆ, ನಿದ್ದೆಯಿಲ್ಲದಿದ್ದರೂ ಆಕಳಿಸುತ್ತದೆ, ಮುಂಗಾಲನ್ನು ಹುಣ್ಣಾಗುವವರೆಗೆ ನೆಕ್ಕುತ್ತದೆ. ಕೆಲವೊಮ್ಮೆ ಎದ್ದು ಆ ನಾಲ್ಕು ಹೆಜ್ಜೆಯ ಜಾಗದಲ್ಲಿಯೇ ಸುತ್ತು ಹಾಕುತ್ತದೆ. ನಾಯಿಯನ್ನು ಸಾಕಬಯಸಿ ಬರುವವರು ಇದನ್ನು ಕಂಡು ರೋಗವೆಂದೋ ದುಷ್ಟಸ್ವಭಾವವೆಂದೋ ಬಗೆದು, ಬಾಲವಾಡಿಸುತ್ತ ಮುಂದೆ ಬರುವ ಮರಿಯನ್ನು ಆರಿಸಿಕೊಂಡು ಹೋಗುತ್ತಾರೆ. ಹೀಗೆ, ಹೆದರಿದ ನಾಯಿಯು ಹೆದರಿದ ಕಾರಣದಿಂದಲೇ ಅಲ್ಲಿ ಉಳಿಯುತ್ತದೆ. ಉಳಿದ ಕಾರಣದಿಂದ ಮತ್ತಷ್ಟು ಹೆದರುತ್ತದೆ.

ಜಿನಾಗಮದ ಪರಿಭಾಷೆಯಲ್ಲಿ ನಾಯಿಯು ಸಂಜ್ಞಿ ಪಂಚೇಂದ್ರಿಯ ತಿರ್ಯಂಚ. ಐದು ಇಂದ್ರಿಯಗಳ ಜೊತೆಗೆ ಮನಸ್ಸೂ ಅದಕ್ಕುಂಟು. ಆಹಾರ, ಭಯ, ಮೈಥುನ, ಪರಿಗ್ರಹ ಎಂಬ ನಾಲ್ಕು ಸಂಜ್ಞೆಗಳಲ್ಲಿ ಭಯವೂ ಒಂದೆಂದು ಆಚಾರ್ಯರು ಎಣಿಸಿದ್ದಾರೆ. ಇಂದಿನ ವಿಜ್ಞಾನವು ಇದನ್ನೇ ರಕ್ತದಲ್ಲಿ ಅಳೆದಿದೆ. ಅಮೆರಿಕದ ಓಹಾಯೋ ರಾಜ್ಯದ ಆಶ್ರಯಧಾಮವೊಂದರಲ್ಲಿ ನಡೆದು 1997ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಭಯ ಮತ್ತು ಒತ್ತಡಗಳ ಕಾಲದಲ್ಲಿ ಏರುವ ಕಾರ್ಟಿಸೋಲ್ ಎಂಬ ಸ್ರಾವವು ಮೊದಲ ಮೂರು ದಿನಗಳ ನಾಯಿಗಳಲ್ಲಿ ಮನೆಯ ನಾಯಿಗಳಿಗಿಂತ ಬಹಳ ಹೆಚ್ಚಾಗಿರುವುದು ಕಂಡುಬಂದಿತು. 2019ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನದಲ್ಲಿ ಐದು ಆಶ್ರಯಧಾಮಗಳ 207 ನಾಯಿಗಳನ್ನು ಒಂದೆರಡು ರಾತ್ರಿಯ ಮಟ್ಟಿಗೆ ಮನೆಗಳಿಗೆ ಕಳುಹಿಸಿ ನೋಡಿದರು. ಮನೆಯಲ್ಲಿದ್ದಷ್ಟು ಹೊತ್ತು ಆ ಸ್ರಾವವು ತಗ್ಗಿತು. ಮರಳಿ ಆಶ್ರಯಧಾಮಕ್ಕೆ ಬಂದಾಗ ಮೊದಲಿನ ಮಟ್ಟಕ್ಕೇ ಏರಿತು. ಎರಡೂ ಕಡೆ ಅನ್ನ, ನೀರುಗಳಿದ್ದವು. ವ್ಯತ್ಯಾಸವಿದ್ದುದು ಮನೆಯ ನಿಶ್ಶಬ್ದದಲ್ಲಿ, ನೆಮ್ಮದಿಯ ನಿದ್ದೆಯಲ್ಲಿ, ಬಳಿಯಲ್ಲಿ ಮನುಷ್ಯನೊಬ್ಬನಿರುವುದರಲ್ಲಿ. ಆಹಾರದಾನ ಮತ್ತು ಔಷಧದಾನಗಳಿಂದ ಅಭಯದಾನವು ಬೇರೆಯೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಿಲ್ಲ.

ಈ ವಿಚಾರವು ಇತ್ತೀಚೆಗೆ ಇನ್ನಷ್ಟು ಗಂಭೀರವಾಗಿದೆ. 2025ರ ಆಗಸ್ಟ್ 11ರಂದು ಸರ್ವೋಚ್ಚ ನ್ಯಾಯಾಲಯವು ದೆಹಲಿ ಪ್ರದೇಶದ ಬೀದಿನಾಯಿಗಳನ್ನೆಲ್ಲ ಆಶ್ರಯಧಾಮಗಳಿಗೆ ಸಾಗಿಸುವಂತೆ ಆದೇಶಿಸಿತು. ಅದೇ ತಿಂಗಳ 22ರಂದು ಆ ಆದೇಶವನ್ನು ಮಾರ್ಪಡಿಸಿ, ಸಂತಾನಹರಣ ಚಿಕಿತ್ಸೆ ಮತ್ತು ಲಸಿಕೆಗಳಾದ ಮೇಲೆ ನಾಯಿಗಳನ್ನು ಹಿಡಿದ ಸ್ಥಳದಲ್ಲಿಯೇ ಬಿಡಬೇಕೆಂದೂ, ರೇಬೀಸ್ ತಗುಲಿದವನ್ನು ಹಾಗೂ ಆಕ್ರಮಣಶೀಲವಾದವನ್ನು ಬಿಡಬಾರದೆಂದೂ ಹೇಳಿತು. ನವೆಂಬರ್ 7ರ ಆದೇಶವು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣ ಮುಂತಾದ ಆವರಣಗಳ ನಾಯಿಗಳನ್ನು ಆಶ್ರಯಧಾಮಗಳಿಗೆ ಒಯ್ಯುವಂತೆ ವಿಧಿಸಿತು. ಈ ಆದೇಶಗಳ ಗುಣದೋಷವಿಚಾರ ಇಲ್ಲಿ ಪ್ರಸ್ತುತವಲ್ಲ. ನಾಯಿ ಕಚ್ಚಿದ ಮಗುವೂ ಪಂಚೇಂದ್ರಿಯ ಜೀವಿ. ಅದರ ತಾಯಿಯ ಭಯವೂ ಭಯವೇ. ಆದರೆ ಆಶ್ರಯಧಾಮದ ಬಾಗಿಲನ್ನು ದಾಟುವ ನಾಯಿಗಳು ಹೆಚ್ಚುವಾಗ, ಆ ಬಾಗಿಲಿನ ಒಳಗೆ ಏನಾಗುತ್ತದೆಂಬುದನ್ನು ಅಹಿಂಸಾಣುವ್ರತಿಯು ಕಾಣದಂತೆ ಇರಲಾಗದು.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಇಲ್ಲಿ ವಧವೆಂದರೆ ಕೋಲು ಚಾಟಿಗಳಿಂದ ಹೊಡೆಯುವುದು. ಅದಕ್ಕೂ ಮೊದಲು ನಿಂತಿರುವುದು ಬಂಧ. ಜೀವಿಯು ತನಗಿಷ್ಟವಾದ ಕಡೆಗೆ ಹೋಗದಂತೆ ತಡೆಯುವುದೇ ಬಂಧವೆಂದು ಪೂಜ್ಯಪಾದಾಚಾರ್ಯರು ವಿವರಿಸುತ್ತಾರೆ. ಹದಿಮೂರನೆಯ ಶತಮಾನದ ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಇದನ್ನು ಮೂರು ಮೆಟ್ಟಿಲುಗಳಾಗಿ ವಿಂಗಡಿಸಿದ್ದಾರೆ. ಪಶುಗಳಿಂದ ಜೀವನೋಪಾಯವನ್ನು ನಡೆಸದಿರುವುದು ಉತ್ತಮ. ಇಟ್ಟುಕೊಂಡರೆ ಬಂಧನವಿಲ್ಲದೆ ಇಟ್ಟುಕೊಳ್ಳುವುದು ಮಧ್ಯಮ. ಬಂಧನವು ಅನಿವಾರ್ಯವಾದರೆ ನಿರ್ದಯತೆಯಿಲ್ಲದೆ ಬಂಧಿಸುವುದು ಕೊನೆಯದು. ಆಶ್ರಯಧಾಮವು ಈ ಕೊನೆಯ ಮೆಟ್ಟಿಲಿನಲ್ಲಿದೆ. ಅದನ್ನು ನಡೆಸುವವರ ಭಾವವು ಕರುಣೆಯಿಂದ ಕೂಡಿರುವುದರಿಂದ ಅವರನ್ನು ದೂಷಿಸುವಂತಿಲ್ಲ. ನೂರು ನಾಯಿಗಳ ನಡುವೆ ನಾಲ್ವರು ಕೆಲಸಗಾರರಿರುವಲ್ಲಿ ಒಂದೊಂದು ನಾಯಿಗೆ ದೊರೆಯುವ ಹೊತ್ತು ಕೆಲವೇ ನಿಮಿಷ. ದೋಷವಿರುವುದು ಪ್ರಮಾದದಲ್ಲಿ. ಆರು ವರ್ಷ ಸಾಕಿದ ಜೀವಿಯನ್ನು ಹಳೆಯ ಸಾಮಾನಿನಂತೆ ಬಿಟ್ಟುಹೋದವನದು ಮೊದಲನೆಯ ಪ್ರಮಾದ. ಕಾಣಿಕೆಯ ರಸೀದಿಯನ್ನು ಪಡೆದು ನಾಯಿಯನ್ನು ಮರೆತುಬಿಡುವವನದು ಸೂಕ್ಷ್ಮವಾದ ಎರಡನೆಯ ಪ್ರಮಾದ.

ಜೀವಂಧರಕುಮಾರನ ಕಥೆಯು ಜೈನರ ಮನೆಮನೆಗೂ ತಿಳಿದದ್ದು. ವಾದೀಭಸಿಂಹರು ಸಂಸ್ಕೃತದಲ್ಲಿಯೂ, ಭಾಸ್ಕರ ಕವಿಯು 1424ರಲ್ಲಿ ಕನ್ನಡದಲ್ಲಿಯೂ ಅದನ್ನು ಹೇಳಿದ್ದಾರೆ. ಯಜ್ಞದ ಅನ್ನವನ್ನು ಮುಟ್ಟಿತೆಂದು ಹೊಡೆತ ತಿಂದು ಸಾಯುತ್ತಿದ್ದ ನಾಯಿಯನ್ನು ಜೀವಂಧರನು ಕಾಣುತ್ತಾನೆ. ಅದರ ಪ್ರಾಣವನ್ನು ಉಳಿಸುವುದು ಅವನಿಂದಾಗಲಿಲ್ಲ. ಬಳಿಯಲ್ಲಿ ಕುಳಿತು ಅದರ ಕಿವಿಯಲ್ಲಿ ಪಂಚನಮಸ್ಕಾರವನ್ನು ಉಚ್ಚರಿಸಿದನು. ಆ ಜೀವವು ಸುದರ್ಶನನೆಂಬ ಯಕ್ಷನಾಗಿ ಹುಟ್ಟಿ ಅವನಿಗೆ ನೆರವಾಯಿತು. ಮಂತ್ರದ ಮಹಿಮೆಯನ್ನು ಹೇಳಲು ಈ ಕಥೆಯನ್ನು ಬಳಸುವುದು ವಾಡಿಕೆ. ಅದರಲ್ಲಿ ಮತ್ತೊಂದು ಅಂಶವೂ ಅಡಗಿದೆ. ಜೀವಂಧರನಿಗೆ ಜೀವವನ್ನು ಕೊಡಲಾಗಲಿಲ್ಲ, ಆದರೂ ಅಭಯವನ್ನು ಕೊಟ್ಟನು. ಆಶ್ರಯಧಾಮದ ನಾಯಿಗೆ ಜೀವವು ದೊರೆತಿದೆ, ಅಭಯವು ದೊರೆತಿಲ್ಲ. ರಾಜಕುಮಾರನು ನೆಲದ ಮೇಲೆ ಕುಳಿತು ಕೊಟ್ಟ ಸಾಮೀಪ್ಯಕ್ಕೆ ಬದಲಾಗಿ ಬೇರೊಬ್ಬರ ಕೈಯಲ್ಲಿ ಹಣವನ್ನು ಕಳುಹಿಸಿದ್ದರೆ ಆ ಕಥೆಯು ಹುಟ್ಟುತ್ತಲೇ ಇರಲಿಲ್ಲ.

ಇಲ್ಲಿ ಶ್ರಾವಕರ ಮನಸ್ಸಿನಲ್ಲಿ ಮೂರು ಶಂಕೆಗಳು ಮೂಡುವುದು ನ್ಯಾಯವೇ.

ಮೊದಲನೆಯದು: ಬೆಕ್ಕು ಮೊದಲಾದ ಹಿಂಸ್ರಪ್ರಾಣಿಗಳನ್ನು ಸಾಕುವುದನ್ನು ಶ್ರಾವಕಾಚಾರವು ಅನರ್ಥದಂಡದಲ್ಲಿ ಎಣಿಸಿದೆಯಲ್ಲವೇ? ಹೌದು. ಈ ಎಚ್ಚರಿಕೆಯು ಇಂದಿಗೂ ಜೀವಂತವಾಗಿದೆ. ದೆಹಲಿಯ ಕೆಂಪುಕೋಟೆಯ ಎದುರಿನ ದಿಗಂಬರ ಜೈನ ಲಾಲ್ ಮಂದಿರದ ಪಕ್ಷಿ ಆಸ್ಪತ್ರೆಯಲ್ಲಿ ಮಾಂಸಾಹಾರಿ ಪಕ್ಷಿಗಳಿಗೂ ಚಿಕಿತ್ಸೆ ಕೊಡುತ್ತಾರೆ. ಆದರೆ ಒಳರೋಗಿಗಳಾಗಿ ಇಟ್ಟುಕೊಳ್ಳುವುದಿಲ್ಲ. ನಾಯಿಯ ವಿಷಯವು ಸ್ವಲ್ಪ ಬೇರೆ. ಬೆಕ್ಕಿಗೆ ಮಾಂಸವು ದೇಹಧರ್ಮ. ನಾಯಿಯಾದರೋ ಸಹಸ್ರಾರು ವರ್ಷ ಮನುಷ್ಯನ ಅನ್ನವನ್ನು ಉಂಡು ಬಂದುದರಿಂದ ತೋಳಕ್ಕಿಂತ ಚೆನ್ನಾಗಿ ಪಿಷ್ಟವನ್ನು ಅರಗಿಸಿಕೊಳ್ಳಬಲ್ಲದೆಂದು 2013ರಲ್ಲಿ ಪ್ರಕಟವಾದ ವಂಶವಾಹಿಗಳ ಅಧ್ಯಯನವು ತೋರಿಸಿತು. ಬರಿಯ ಅನ್ನ ಮೊಸರು ಸಾಲದು. ಬೇಳೆಕಾಳುಗಳಿಂದ ಸಾರಜನಕಾಂಶವನ್ನು ಕೂಡಿಸಿ, ಪಶುವೈದ್ಯರ ಸಲಹೆಯಂತೆ ಕೊರತೆಯನ್ನು ತುಂಬಿದರೆ ಬೆಳೆದ ನಾಯಿಯು ಸಸ್ಯಾಹಾರದಲ್ಲಿ ಆರೋಗ್ಯದಿಂದಿರಬಲ್ಲದು. ಈರುಳ್ಳಿ ಬೆಳ್ಳುಳ್ಳಿಗಳು ನಾಯಿಗೆ ವಿಷಪ್ರಾಯ. ಜೈನರ ಅಡುಗೆಯಲ್ಲಿ ಅವು ಮೊದಲೇ ಇಲ್ಲ. ಮರಿಹಾಕಿಸಿ ಮಾರುವವರಿಂದ ನಾಯಿಯನ್ನು ಕೊಳ್ಳುವುದು ಜೀವವ್ಯಾಪಾರಕ್ಕೆ ಅನುಮೋದನೆಯಾಗುತ್ತದೆ. ಆದರೆ ಹುಟ್ಟಿ, ಬೆಳೆದು, ಕೈಬಿಡಲ್ಪಟ್ಟ ಜೀವಕ್ಕೆ ಸ್ಥಳ ಕೊಡುವುದರಲ್ಲಿ ಅನರ್ಥವಿಲ್ಲ, ಅರ್ಥವಿದೆ.

ಎರಡನೆಯ ಶಂಕೆಯು ಶುದ್ಧಿಯನ್ನು ಕುರಿತದ್ದು. ಅಡುಗೆಮನೆ, ದೇವರಕೋಣೆಗಳ ಹೊಸ್ತಿಲನ್ನು ದಾಟದಂತೆ ನಾಯಿಗೆ ಕಲಿಸುವುದು ಕಷ್ಟವಲ್ಲ. ಮುನಿಗಳ ಆಹಾರದ 32 ಅಂತರಾಯಗಳಲ್ಲಿ ಪಂಚೇಂದ್ರಿಯ ಜೀವಿಯು ಪಾದಗಳ ನಡುವೆ ಹಾದುಹೋಗುವುದೂ, ನಾಯಿ ಮೊದಲಾದವು ಕಚ್ಚುವುದೂ ಸೇರಿವೆ. ಆದ್ದರಿಂದ ಪಡಗಾಹನದ ದಿನ ಅದು ಹಿತ್ತಿಲಿನಲ್ಲೋ ಬೇರೆ ಕೋಣೆಯಲ್ಲೋ ಇರಬೇಕು. ಇಷ್ಟು ವ್ಯವಸ್ಥೆಗೆ ಸ್ಥಳವಿಲ್ಲದ ಮನೆಯವರು ನಾಯಿಯನ್ನು ತರದಿರುವುದೇ ಲೇಸು.

ಮೂರನೆಯದು ಪರಿಗ್ರಹದ ಶಂಕೆ. ಚತುಷ್ಪದಗಳೂ ಬಾಹ್ಯಪರಿಗ್ರಹವೇ ಆಗಿರುವಾಗ ನಾಯಿಯನ್ನು ತಂದು ಮಮಕಾರವನ್ನು ಬೆಳೆಸಿಕೊಳ್ಳುವುದೇಕೆ? ಮೂರ್ಛೆಯೇ ಪರಿಗ್ರಹವೆಂದು ಸೂತ್ರಕಾರರು ಹೇಳಿರುವುದನ್ನು ಇಲ್ಲಿ ನೆನೆಯಬೇಕು. ಅಂದಕ್ಕೆಂದು, ನೆರೆಹೊರೆಯ ಮೆಚ್ಚುಗೆಗೆಂದು ಮರಿಯನ್ನು ತರುವಲ್ಲಿ ಮೂರ್ಛೆಯು ಸ್ಪಷ್ಟ. ಯಾರೂ ಆರಿಸದ, ಮುಟ್ಟಲು ಹೋದರೆ ಹಿಂದೆ ಸರಿಯುವ, ನರೆತ ಮೂತಿಯ ನಾಯಿಯನ್ನು ತರುವವನಿಗೆ ಬಹುಕಾಲ ಯಾವ ಸುಖವೂ ದೊರೆಯದು. ಸುಖಾಪೇಕ್ಷೆಯು ಕಡಿಮೆಯಾದಷ್ಟು ಮೂರ್ಛೆಯೂ ಕಡಿಮೆ.

ಶಂಕೆಗಳು ನಿವೃತ್ತವಾದ ಮೇಲೂ ಅವಸರವು ಸಲ್ಲದು. ಪರ್ವದ ಉತ್ಸಾಹದಲ್ಲಿ ನಾಯಿಯನ್ನು ತಂದು ತಿಂಗಳಿನಲ್ಲಿ ಹಿಂದಿರುಗಿಸುವುದರಿಂದ ಅದು ಎರಡನೆಯ ಬಾರಿ ತ್ಯಕ್ತವಾಗುತ್ತದೆ. ತಾರದಿದ್ದರೆ ಆಗುತ್ತಿದ್ದುದಕ್ಕಿಂತ ಹೆಚ್ಚಿನ ಕೇಡಾಗುತ್ತದೆ. ನಾಯಿಯ ಆಯುಸ್ಸು ಸುಮಾರು ಹತ್ತರಿಂದ ಹದಿಮೂರು ವರ್ಷ. ಉಳಿದಷ್ಟು ವರ್ಷಗಳಿಗೂ ಸಂಕಲ್ಪವಿರಬೇಕು; ಮನೆಯವರೆಲ್ಲರ ಸಮ್ಮತಿಯಿರಬೇಕು. ಮೂರು ದಿನ ಭಯ ತುಸು ಇಳಿಯಲು, ಮೂರು ವಾರ ಮನೆಯ ಕ್ರಮವನ್ನು ಅರಿಯಲು, ಮೂರು ತಿಂಗಳು ಮನೆಯನ್ನು ತನ್ನದೆಂದು ತಿಳಿಯಲು ಬೇಕೆಂಬುದು ಆಶ್ರಯಧಾಮದವರಲ್ಲಿ ರೂಢಿಯಾಗಿರುವ ಅಂದಾಜು. ಮೊದಲ ದಿನಗಳಲ್ಲಿ ಅದಕ್ಕೊಂದು ಮೂಲೆಯನ್ನು ಕೊಟ್ಟು, ಮಕ್ಕಳನ್ನು ದೂರವಿರಿಸಿ, ತಾನಾಗಿ ಬರುವವರೆಗೆ ಕಾಯಬೇಕು. ಎದುರಿನಿಂದ ಬಾಗಿ ತಲೆಯನ್ನು ಸವರುವ ಬದಲು ಪಕ್ಕದಲ್ಲಿ ಮೌನವಾಗಿ ಕುಳಿತರೆ ಸಾಕು. ಹೀಗೆ ಕುಳಿತುಕೊಳ್ಳುವುದಕ್ಕೆ ಸಾಮಾಯಿಕದ ಅಭ್ಯಾಸವಿರುವವರಿಗಿಂತ ತಕ್ಕವರು ಯಾರು?

ನಾಯಿಯನ್ನು ತರಲಾಗದವರಿಗೂ ಕರ್ತವ್ಯವುಂಟು. ವಾರಕ್ಕೊಮ್ಮೆ ಆಶ್ರಯಧಾಮಕ್ಕೆ ಹೋಗಿ ಒಂದು ನಾಯಿಯನ್ನು ಹೊರಗೆ ನಡೆಸಿ ತರಬಹುದು. ಸ್ಥಿರವಾದ ಮನೆ ದೊರೆಯುವವರೆಗೆ ಕೆಲವು ದಿನ ಇರಿಸಿಕೊಳ್ಳಬಹುದು. ಈಗಾಗಲೇ ನಾಯಿಯಿರುವ ಮನೆಯವರು, ಎಂಥ ಅಡಚಣೆ ಬಂದರೂ ಅದನ್ನು ಆ ಬಾಗಿಲಿಗೆ ಒಯ್ಯುವುದಿಲ್ಲವೆಂಬ ನಿಯಮವನ್ನು ಕೈಗೊಂಡರೆ ಅದೂ ಅಭಯದಾನವೇ.

ಉಪವಾಸವನ್ನು ಆಚರಿಸುವ ಮನೆಗಳಿಗೆ ಇದರಲ್ಲಿ ಒಂದು ವಿಶೇಷ ಪಾಠವಿದೆ. ಆಶ್ರಯಧಾಮಕ್ಕೆ ಬಂದ ನಾಯಿಯು ಮೊದಲ ದಿನಗಳಲ್ಲಿ ಅನ್ನವನ್ನು ಮುಟ್ಟದಿರುವುದುಂಟು. ತಟ್ಟೆಯು ತುಂಬಿದ್ದರೂ ಹೊಟ್ಟೆಯು ಬರಿದು. ಹೊರಗಿನಿಂದ ಅದು ಅನಶನದಂತೆ ಕಾಣುತ್ತದೆ. ಆದರೆ ಅಲ್ಲಿ ಸಂಕಲ್ಪವಿಲ್ಲ, ಕಾಲದ ಮಿತಿಯಿಲ್ಲ, ಪಾರಣೆಯ ನಿರೀಕ್ಷೆಯಿಲ್ಲ. ಅಷ್ಟಮಿ ಚತುರ್ದಶಿಗಳಲ್ಲಿ ಹಸಿವನ್ನು ಬಲ್ಲವನು ನಾಳೆಯ ಬೆಳಗನ್ನೂ ಬಲ್ಲನು. ಆ ನಾಯಿಗೆ ನಾಳೆಯೆಂಬುದು ತಿಳಿಯದು. ಇಚ್ಛೆಯಿಂದ ಅನ್ನವನ್ನು ಬಿಟ್ಟವನಿಗೆ, ಭಯದಿಂದ ಅನ್ನವನ್ನು ಬಿಟ್ಟ ಜೀವಿಯ ನೋವು ಇತರರಿಗಿಂತ ಬೇಗ ಅರ್ಥವಾಗಬೇಕು. ಆಗದಿದ್ದರೆ ಉಪವಾಸವು ಹೊಟ್ಟೆಯಲ್ಲಿಯೇ ನಿಂತಿತೆಂದು ಅರ್ಥ. ಮನೆಯವರೆಲ್ಲ ಉಪವಾಸವಿರುವ ದಿನವೂ ನಾಯಿಗೆ ವೇಳೆಗೆ ಸರಿಯಾಗಿ ಅನ್ನವಿಡುವುದನ್ನು ಮರೆಯಬಾರದು. ಮರೆತರೆ ವ್ರತದ ದಿನವೇ ಅನ್ನಪಾನನಿರೋಧದ ಅತಿಚಾರವು ಸಂಭವಿಸುತ್ತದೆ. ಸೂರ್ಯಾಸ್ತಕ್ಕೆ ಮೊದಲೇ ಅದರ ಸಂಜೆಯ ಊಟವನ್ನು ಮುಗಿಸುವ ರೂಢಿಯನ್ನೂ ಮಾಡಬಹುದು.

ಹೆದರಿದ ನಾಯಿಯು ಮುದುಡಿ, ಬೆನ್ನನ್ನು ಗೋಡೆಗೆ ಒತ್ತಿ ಮಲಗುತ್ತದೆ. ಸಣ್ಣ ಸದ್ದಿಗೂ ತಲೆಯೆತ್ತುತ್ತದೆ. ಅದೇ ನಾಯಿಯು ಕೆಲವು ತಿಂಗಳ ಮೇಲೆ ಒಂದು ಮಧ್ಯಾಹ್ನ ಜಗಲಿಯ ನಡುವೆ ಕಾಲುಗಳನ್ನು ಚಾಚಿ, ಹೊಟ್ಟೆಯನ್ನು ತೆರೆದು ಮಲಗಿರುತ್ತದೆ. ಮನೆಯವರು ಪಕ್ಕದಲ್ಲಿಯೇ ದಾಟಿ ಹೋದರೂ ಕಣ್ಣು ತೆರೆಯುವುದಿಲ್ಲ. ಅಂದು ಆ ಮನೆಯ ಅಭಯದಾನವು ಪೂರ್ಣವಾಯಿತೆಂದು ತಿಳಿಯಬೇಕು.