ಕೈಗುಣ

ಮನೆಯಲ್ಲಿ ಒಂದು ವಸ್ತು ಕೆಟ್ಟಾಗ ಎರಡು ಪ್ರಶ್ನೆಗಳು ಏಳುತ್ತವೆ. ಏನು ಕೆಟ್ಟಿತು ಎಂಬುದು ಒಂದು, ಯಾರು ಕೆಡಿಸಿದರು ಎಂಬುದು ಇನ್ನೊಂದು. ಎರಡನೆಯದಕ್ಕೆ ಉತ್ತರ ಸಿಕ್ಕಿಬಿಟ್ಟರೆ ಮೊದಲನೆಯದನ್ನು ಕೇಳುವ ಗೋಜಿಗೇ ಯಾರೂ ಹೋಗುವುದಿಲ್ಲ. ಹಾಲು ಒಡೆದರೆ ಕಾಯಿಸಿದವಳು, ಮಿಕ್ಸಿ ಸುಟ್ಟರೆ ರುಬ್ಬಿದವಳು, ಮಗ ಫೇಲಾದರೆ ಹೆತ್ತವಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯನ್ನು ಕಟ್ಟಿದವರು ಯಾರೋ ತಿಳಿಯದು. ಬರೆಯ ಬಿಸಿ ಬಲ್ಲವರೇ ಇರಬೇಕು.

ದೂರುವುದು ಬೇರೆ, ದೋಷ ಹುಡುಕುವುದು ಬೇರೆ. ಈ ಅಂತರವನ್ನು ನಾನು ಕಣ್ಣಾರೆ ಕಂಡದ್ದು ಒಂದು ಹಳೆಯ ವಾಲ್ವ್ ರೇಡಿಯೋದ ಹೊಟ್ಟೆಯೊಳಗೆ. ಮೂವತ್ತು ವರ್ಷ ಹೈಸ್ಕೂಲಿನ ಹುಡುಗಿಯರಿಗೆ ವಿದ್ಯುತ್ತಿನ ಪಾಠ ಹೇಳಿ ನಿವೃತ್ತಳಾದ ಮೇಲೆ, ಅಟ್ಟದ ಮೇಲಿದ್ದ ಮಾವನವರ ರೇಡಿಯೋವನ್ನು ಕೆಳಗಿಳಿಸಿಕೊಂಡೆ.

ಆ ಕಾಲದ ಮನೆಗಳಲ್ಲಿ ರೇಡಿಯೋಗಿದ್ದ ಮರ್ಯಾದೆ ಈಗಿನವರಿಗೆ ಹೇಳಿದರೂ ಅರ್ಥವಾಗದು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ಒಂದು ಬಾನುಲಿ ಕೇಂದ್ರ ನಡೆಸಿದರು. 'ಆಕಾಶವಾಣಿ' ಎಂಬ ಹೆಸರು ಅದರದು. ಧಾರವಾಡ ನಿಲಯ 1950ರಲ್ಲಿ, ಬೆಂಗಳೂರು ನಿಲಯ 1955ರಲ್ಲಿ ಆರಂಭವಾದವು. ಶಿವಮೊಗ್ಗದ ನಮ್ಮ ಮನೆಗೆ ರೇಡಿಯೋ ಬಂದದ್ದು 1962ರಲ್ಲಿ. ಅದಕ್ಕೆ ಸರ್ಕಾರದ ಪರವಾನಗಿ ಬೇಕಿತ್ತು, ಅಂಚೆ ಕಚೇರಿಯಲ್ಲಿ ವರ್ಷವರ್ಷವೂ ಹಣ ಕಟ್ಟಬೇಕಿತ್ತು. ಪರವಾನಗಿ ಇದ್ದದ್ದು ಯಜಮಾನರ ಹೆಸರಿನಲ್ಲಿ. ಹೀಗಾಗಿ ಗುಂಡಿ ತಿರುಗಿಸುವ ಅಧಿಕಾರವೂ ಅವರದೇ ಆಗಿತ್ತು. ಹೆಂಗಸರಿಗೆ ಸೇರಿದ್ದು ಮೇಲಿನ ಕ್ರೋಶಾ ಹೊದಿಕೆ ಮಾತ್ರ.

1968ರ ಬೇಸಿಗೆಯ ಒಂದು ಮಧ್ಯಾಹ್ನ, ಮನೆಯವರೆಲ್ಲ ಮಲಗಿದ್ದಾಗ, ನಮ್ಮ ಚಿಕ್ಕತ್ತೆ, ಎಂದರೆ ಮಾವನವರ ತಮ್ಮನ ಹೆಂಡತಿ, ಸಣ್ಣ ದನಿಯಲ್ಲಿ ಹಾಡು ಹಾಕಿಕೊಂಡರಂತೆ. ಆಗ ಅವರಿಗೆ ಇಪ್ಪತ್ತೆರಡು. ಹಾಡು ನಡೆಯುತ್ತಿದ್ದಂತೆ ದನಿ ಗೊಗ್ಗರಾಯಿತು, ಸುಟ್ಟ ವಾಸನೆ ಬಂತು, ರೇಡಿಯೋ ನಿಂತಿತು. "ಆರು ವರ್ಷ ಹಾಡಿದ್ದು ಇವಳು ಮುಟ್ಟಿದ ಕೂಡಲೇ ಸತ್ತಿತು. ಎಂಥ ಕೈಗುಣ!" ಎಂದರು ಮಾವನವರು. ಮೆಕ್ಯಾನಿಕ್ ಬಂದು ಒಂದು ವಾಲ್ವ್ ಬದಲಿಸಿದ. ನಾಲ್ಕು ತಿಂಗಳು ಹಾಡಿ ಅದೂ ಸತ್ತಿತು. ಈ ಸಲ ಚಿಕ್ಕತ್ತೆ ಹತ್ತಿರವೂ ಸುಳಿದಿರಲಿಲ್ಲ. ಆದರೂ "ಅವತ್ತು ಮುಟ್ಟಿದ್ದರ ಫಲ" ಎಂದಾಯಿತು. ರೇಡಿಯೋ ಅಟ್ಟ ಸೇರಿತು, ಮಾತು ಮಾತ್ರ ಕೆಳಗೇ ಉಳಿಯಿತು. ಗ್ರೈಂಡರ್ ಬಂದಾಗ ಮೊದಲ ಸಲ ಹಾಕಲು ಅವರನ್ನು ಕರೆಯಲಿಲ್ಲ. ಟಿವಿ ಬಂದ ಮೇಲೂ ಅವರಾಗಿ ಹಾಕಿದವರಲ್ಲ. "ನೀನೇ ಹಾಕಮ್ಮ" ಎಂದು ನನಗೆ ಹೇಳುವರು.

ಈಗ ರಿಪೇರಿಯ ಮಾತು. ವರ್ಷಗಟ್ಟಲೆ ಸುಮ್ಮನಿದ್ದ ರೇಡಿಯೋದ ಪ್ಲಗ್ಗನ್ನು ನೇರ ಗೋಡೆಗೆ ಚುಚ್ಚಬಾರದು. ಅರವತ್ತು ವಾಟಿನ ತಂತಿ ಬಲ್ಬೊಂದನ್ನು ನಡುವೆ ಸರಣಿಯಲ್ಲಿ ಜೋಡಿಸಿಕೊಳ್ಳಬೇಕು. ಒಳಗೆ ಶಾರ್ಟ್ ಇದ್ದರೆ ಬಲ್ಬು ಪೂರ್ತಿ ಬೆಳಗಿ ಎಚ್ಚರಿಸುತ್ತದೆ, ಇಲ್ಲವಾದರೆ ಒಮ್ಮೆ ಬೆಳಗಿ ಮಂಕಾಗುತ್ತದೆ. ಒಳಗೆ ಇನ್ನೂರೈವತ್ತು ವೋಲ್ಟಿನವರೆಗೆ ನೇರ ವಿದ್ಯುತ್ತು ಓಡಾಡುತ್ತಿರುತ್ತದೆ. ಸ್ವಿಚ್ಚು ಆರಿಸಿದ ಮೇಲೂ ದೊಡ್ಡ ಕಂಡೆನ್ಸರ್‌ಗಳು ಅದನ್ನು ಹಿಡಿದಿಟ್ಟುಕೊಂಡಿರುತ್ತವೆ. ಟ್ರಾನ್ಸ್‌ಫಾರ್ಮರ್ ಇಲ್ಲದ ಕೆಲವು ಸೆಟ್ಟುಗಳಲ್ಲಂತೂ ಒಳಗಿನ ಲೋಹದ ತಟ್ಟೆಯೇ ಶಾಕ್ ಹೊಡೆದೀತು. ಆದ್ದರಿಂದ ಇದನ್ನು ಓದಿ ಬಲ್ಲವರ ನೆರವಿಲ್ಲದೆ ಯಾರೂ ಬಿಚ್ಚಲು ಕೂರಬಾರದು. ನನಗೂ ಒಬ್ಬ ಹಿರಿಯ ಮೆಕ್ಯಾನಿಕ್ಕರು ಪಕ್ಕದಲ್ಲಿ ಕುಳಿತು ಹೇಳಿಕೊಟ್ಟರು.

ಅವರ ಮೊದಲ ಮಾತು ಇದು: "ಎಲ್ಲರೂ ವಾಲ್ವನ್ನೇ ಅನುಮಾನಿಸ್ತಾರೆ ಮೇಡಂ. ಅದು ಹೊಳೀತದೆ, ಕಣ್ಣಿಗೆ ಬೀಳ್ತದೆ. ತಪ್ಪು ಹೆಚ್ಚಾಗಿ ಕೆಳಗೆ ಕತ್ತಲಲ್ಲಿ ಇರ್ತದೆ." ಸ್ಪೀಕರಿಗೆ ಬಲ ಕೊಡುವ ಕೊನೆಯ ವಾಲ್ವು ಸತ್ತಿತ್ತು, ನಿಜ. ಆದರೆ ಅವರು ಹೊಸದನ್ನು ಹಾಕಗೊಡಲಿಲ್ಲ. ಒಣಗಿದ್ದ ದೊಡ್ಡ ಕಂಡೆನ್ಸರ್‌ಗಳನ್ನು ಬದಲಿಸಿದ ಮೇಲೆ, ವಾಲ್ವಿನ ಖಾಲಿ ಕುಳಿಯಲ್ಲಿ ಅದರ ಗ್ರಿಡ್ಡಿನ ಕಾಲು ಕೂರುವ ಜಾಗಕ್ಕೆ ಮೀಟರ್ ಹಿಡಿಸಿದರು. ಅಲ್ಲಿ ಸೊನ್ನೆ ಇರಬೇಕು. ಇಪ್ಪತ್ತು ವೋಲ್ಟಿನ ಮೇಲಿತ್ತು.

ಅಲ್ಲಿಗೆ ಬಂದು ಸೇರುವುದು ಬೆರಳಿನ ಒಂದು ಗೆಣ್ಣಿನಷ್ಟಿರುವ ಕಾಗದದ ಕಂಡೆನ್ಸರ್. ಎರಡು ಲೋಹದ ಹಾಳೆಗಳ ನಡುವೆ ಮೇಣ ಹಚ್ಚಿದ ಕಾಗದವಿಟ್ಟು ಸುತ್ತಿದ ಸುರುಳಿ. ಅದರ ಕೆಲಸ ಜರಡಿಯದು: ಹಾಡಿನ ಅಲೆಯನ್ನು ಬಿಡಬೇಕು, ನೇರ ವಿದ್ಯುತ್ತನ್ನು ತಡೆಯಬೇಕು. ಮಲೆನಾಡಿನ ಮಳೆಗಾಲದ ತೇವ ವರ್ಷವರ್ಷವೂ ಕಾಗದಕ್ಕೆ ಇಳಿದರೆ ತಡೆಯುವ ಶಕ್ತಿ ಕುಂದುತ್ತದೆ. ಆಗ ಬರಬಾರದ ವಿದ್ಯುತ್ತು ಸೋರಿ ಬಂದು, ವಾಲ್ವು ತಾಳಲಾರದಷ್ಟು ದುಡಿದು, ಕೆಂಪಗೆ ಕಾದು ಸಾಯುತ್ತದೆ. ಸೋರುವುದನ್ನು ಹಾಗೇ ಬಿಟ್ಟು ವಾಲ್ವನ್ನು ಬದಲಿಸಿದರೆ ಹೊಸದೂ ಅದೇ ದಾರಿ ಹಿಡಿಯುತ್ತದೆ. ಕಂಡೆನ್ಸರಿನ ಒಂದು ತುದಿ ಬಿಡಿಸಿದೆ, ಮೀಟರ್ ಸೊನ್ನೆಗಿಳಿಯಿತು. ಐವತ್ತು ವರ್ಷದ ಆರೋಪಕ್ಕೆ ಸಾಕ್ಷಿ ಅಷ್ಟೇ. ಹೊಸ ಕಂಡೆನ್ಸರಿನ ಬೆಲೆ ಒಂದು ಲೋಟ ಕಾಫಿಗಿಂತ ಕಡಿಮೆ. ವಾಲ್ವಿಗೂ ಕಷ್ಟವಾಗಲಿಲ್ಲ, ಗಿಟಾರ್ ಆಂಪ್ಲಿಫೈಯರ್‌ಗಳಿಗಾಗಿ ಆ ಜಾತಿಯದು ಇಂದಿಗೂ ತಯಾರಾಗುತ್ತದೆ.

ಬೆಸುಗೆಯ ಕಡ್ಡಿ ಕೆಳಗಿಟ್ಟು ನಾನು ಯೋಚಿಸಿದ್ದು ವಾಲ್ವನ್ನು ಕುರಿತೇ. ಸುಟ್ಟುಹೋದವರೇ ಸುಟ್ಟವರು ಎಂದು ನಾವು ಎಷ್ಟು ಸುಲಭವಾಗಿ ನಂಬುತ್ತೇವೆ! ಮನೆಯಲ್ಲಿ ಸೊಸೆ ಸಿಡುಕಿಯಾದರೆ ಅವಳ ಸ್ವಭಾವ ಕೆಟ್ಟದ್ದು. ಅವಳ ಮೇಲೆ ಎಲ್ಲಿಂದ ಏನು ಸೋರಿ ಬೀಳುತ್ತಿದೆ ಎಂದು ಅಳೆದು ನೋಡಿದವರುಂಟೇ? ಕೆಲಸದವಳನ್ನು ಬಿಡಿಸಿ ಇನ್ನೊಬ್ಬಳನ್ನು ಇಟ್ಟುಕೊಳ್ಳುತ್ತೇವೆ. ನಾಲ್ಕು ತಿಂಗಳಿಗೆ ಅವಳೂ ಹೋದಾಗ, ಈ ಕಾಲದವರೇ ಹೀಗೆ ಎನ್ನುತ್ತೇವೆ.

ಇದಕ್ಕೊಂದು ಆಕ್ಷೇಪವಿದೆ, ಅದು ಹಗುರವಾದದ್ದಲ್ಲ. ಪ್ರತಿ ತಪ್ಪಿನ ಹಿಂದೆಯೂ ಒಂದು ಕಾರಣ, ಆ ಕಾರಣದ ಹಿಂದೆ ಮತ್ತೊಂದು ಎಂದು ಹೊರಟರೆ ಲೋಕದಲ್ಲಿ ತಪ್ಪಿತಸ್ಥರೇ ಇಲ್ಲವೇ? ವಾಲ್ವನ್ನು ಸುಟ್ಟದ್ದು ಕಂಡೆನ್ಸರ್, ಕಂಡೆನ್ಸರನ್ನು ಕೆಡಿಸಿದ್ದು ತೇವ, ತೇವವನ್ನು ತಂದದ್ದು ಮಳೆ. ಹಾಗಾದರೆ ಮಾವನವರನ್ನೂ ಅವರ ಕಾಲ, ಅವರು ಬೆಳೆದ ರೀತಿ ಎಂದು ಬಿಟ್ಟುಬಿಡಬೇಕಲ್ಲವೇ?

ಇಲ್ಲಿ ರೇಡಿಯೋಗೂ ಮನೆಗೂ ಇರುವ ಹೋಲಿಕೆ ಮುಗಿಯುತ್ತದೆ ಎಂದು ನನಗೆ ತೋರುತ್ತದೆ. ಕಂಡೆನ್ಸರ್ ತನ್ನನ್ನು ತಾನು ಪರೀಕ್ಷಿಸಿಕೊಳ್ಳಲಾರದು. ಮನುಷ್ಯ ಪರೀಕ್ಷಿಸಿಕೊಳ್ಳಬಲ್ಲ. ರೇಡಿಯೋ ಕೆಟ್ಟದ್ದಕ್ಕೆ ಮಾವನವರು ಹೊಣೆಯಲ್ಲ, ಅದರ ಕಾರಣ ತಿಳಿಯದಿದ್ದುದಕ್ಕೂ ಅಲ್ಲ. ಆದರೆ ಎರಡನೆಯ ವಾಲ್ವು ಸುಟ್ಟ ದಿನ ಅವರ ಮುಂದೆಯೇ ಒಂದು ಪ್ರಶ್ನೆ ಬಂದು ನಿಂತಿತ್ತು: ಇವಳು ಮುಟ್ಟದೆಯೂ ಇದು ಕೆಟ್ಟಿತಲ್ಲ, ಹೇಗೆ? ಅದನ್ನು ಕೇಳಲು ವಿದ್ಯುತ್ತಿನ ವಿದ್ಯೆ ಬೇಕಿರಲಿಲ್ಲ. ಕೇಳಬಹುದಾಗಿದ್ದೂ ಕೇಳದೆ ಹೋದದ್ದಕ್ಕೆ ಅವರು ಹೊಣೆ. ಹೊಣೆ ಹೊರಿಸುವುದೇ ತಪ್ಪೆಂದು ನಾನು ಹೇಳುವುದಿಲ್ಲ. ಹುಡುಕಿದ ಮೇಲೆ ಹೊರಿಸಬೇಕು, ಹುಡುಕುವ ಮೊದಲಲ್ಲ.

ಆ ಪುಟ್ಟ ಕಂಡೆನ್ಸರನ್ನು ಕಾಗದದಲ್ಲಿ ಸುತ್ತಿಕೊಂಡು ಚಿಕ್ಕತ್ತೆಯ ಹತ್ತಿರ ಹೋದೆ. ಅವರಿಗೆ ಆಗ ಎಪ್ಪತ್ತು ದಾಟಿತ್ತು. ಅಂಗೈ ಮೇಲಿಟ್ಟುಕೊಂಡು ನೋಡಿದರು. ಸಂತೋಷಪಟ್ಟಾರು, ಕಣ್ಣೀರಾದರೂ ಹಾಕಿಯಾರು ಎಂದುಕೊಂಡಿದ್ದೆ. ಅವರು ಹೇಳಿದ್ದು ಇಷ್ಟು: "ನನ್ನ ಕೈ ಸರಿಯಾಗಿದೆ ಅಂತ ನನಗೆ ಅವತ್ತೇ ಗೊತ್ತಿತ್ತು ಕಣೇ. ಗೊತ್ತಾಗಬೇಕಾಗಿದ್ದವರು ಫೋಟೋ ಆಗಿ ಗೋಡೆ ಮೇಲಿದ್ದಾರೆ."

ತಡವಾಗಿ ಸಿಕ್ಕ ಸತ್ಯದಿಂದ ಏನು ಪ್ರಯೋಜನ ಎಂದು ನಾನು ಸುಮ್ಮನೆ ಕುಳಿತೆ. ಉತ್ತರವನ್ನೂ ಅವರೇ ಕೊಟ್ಟರು. "ದೀಪಾವಳಿಗೆ ಎಲ್ಲರೂ ಬರ್ತಾರಲ್ಲ, ಮಕ್ಕಳನ್ನ ಕೂರಿಸಿ ಹೇಳು. ಅವಕ್ಕೆಲ್ಲ ನನ್ನ ಕೈಗುಣದ್ದು ತಮಾಷೆ ಕತೆ."

ಆರೋಪ ಹೊರಿಸಿದವರು ಸತ್ತರೂ ಆರೋಪ ಸಾಯುವುದಿಲ್ಲ. ನಗುನಗುತ್ತಾ ಹೇಳುವ ಮೊಮ್ಮಕ್ಕಳ ಬಾಯಲ್ಲಿ ಅದು ಬೆಳೆಯುತ್ತಲೇ ಇರುತ್ತದೆ. ಅದನ್ನು ಹೊತ್ತು ತಿರುಗುವವರಿಗೆ ನಿಜ ಹೇಳುವುದೂ ಒಂದು ರಿಪೇರಿಯೇ. ಹಬ್ಬದ ದಿನ ಹೇಳಿದೆ. "ಹಾಗಾದರೆ ಕೆಡಿಸಿದ್ದು ಯಾರು?" ಎಂದು ಒಬ್ಬ ಹುಡುಗ ಕೇಳಿದ. ಯಾರೂ ಅಲ್ಲ, ಕಾಗದಕ್ಕೆ ತೇವ ಹಿಡಿದಿತ್ತು ಎಂದೆ. ಅವನಿಗೆ ಈ ಕತೆ ಮೊದಲಿನದಷ್ಟು ರುಚಿಸಲಿಲ್ಲ. ರುಚಿಸದಿದ್ದರೂ ಇನ್ನು ಮೇಲೆ ಅವನು ಹೇಳಬೇಕಾದದ್ದು ಇದನ್ನೇ.